ಮೂರನೆಯವನ ಬ್ಲೇಡು

"ಮನೇಲಿ ಎಷ್ಟು ಜನ?"

ಬಾಗಿಲಲ್ಲಿ ನಿಂತ ಸರ್ವೆಯವನ ಕಣ್ಣು ತನ್ನ ಮೇಲೆ ಬಿದ್ದದ್ದೇ ಚೇತನಾಳ ಎದೆ ಧಸಕ್ಕೆಂದಿತು. ಪ್ರಶ್ನೆಗೋ, ಆ ಕಣ್ಣಿಗೋ... ಅವಳಿಗೇ ತಿಳಿಯಲಿಲ್ಲ!

"ಮೂರು," ಅವಳ ಅವ್ವ ದುರ್ಗಮ್ಮ ಒಳಗಿನಿಂದಲೇ ಹೇಳಿದಳು. "ನಾನು, ಚೇತನಾ, ಉಲ್ಲಾಸ. ಮನೆಗೆ ಗಂಡಸು ಅಂತ ಇರೋನು ಅವನೊಬ್ಬನೇ, ತಮಾ."

ಚೇತನಾ ತುಟಿ ಕಚ್ಚಿದಳು. ಅಣ್ಣ ಉಲ್ಲಾಸನನ್ನು ಬೇಡ್ತಿ ಹೊಳೆ ಎಳೆದೊಯ್ದು ಎರಡು ವರ್ಷವಾಗಿತ್ತು. ದೇಹ ಸಿಗಲಿಲ್ಲ. ಸಿಗದವನಿಗೆ ಎಂತ ಕ್ರಿಯೆ ಎಂದು ಅವ್ವ ಹಟ ಹಿಡಿದಳು. 'ಸತ್ತ' ಎಂಬ ಮಾತು ಆ ಮನೆಯಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ.

ಅದು ಎರಡು ಸಾವಿರದ ನಾಲ್ಕನೇ ಇಸವಿ. ದಿಲ್ಲಿ ಸರ್ಕಾರದ ಮನೆಖರ್ಚಿನ ಸರ್ವೆಗೆ ಬಂದಿದ್ದ ಸಿದ್ದಾಪುರದ ಕಮಲಾಕರ ನಂದೊಳ್ಳಿಯ ಆ ಜಗುಲಿ ಮೇಲೆ ಕೂತು ಉದ್ದದ ಫಾರಂ ಬಿಚ್ಚಿದ. ಕಳೆದ ಮೂವತ್ತು ದಿನದಲ್ಲಿ ಅಕ್ಕಿ ಎಷ್ಟು? ಎಣ್ಣೆ? ಸೋಪು?

"ನಮ್ಮನೆ ಉಪ್ಪು ಎಣ್ಣೆ ದಿಲ್ಲಿಯವರಿಗೆ ಎಂತಕ್ಕೆ?" ದುರ್ಗಮ್ಮ ಕೇಳಿಯೇಬಿಟ್ಟಳು.

ಅವನು ನಕ್ಕ. "ಮನೆಮನೆ ಖರ್ಚು ನೋಡಿದ್ರೇನೇ ದೇಶ ಹೇಗಿದೆ ಅಂತ ತಿಳಿಯೋದು, ಅಮ್ಮಾ. ನಿಮ್ಮನೆ ಸಾವಿರ ಮನೆ ಪರವಾಗಿ ಮಾತಾಡ್ತದೆ."

ಎಂಥಾ ನಗು! ಚೇತನಾ ಬೇಕೆಂದೇ ನಿಧಾನವಾಗಿ ಉತ್ತರ ಕೊಟ್ಟಳು. ಫಾರಂ ಮುಗಿಯದೇ ಇರಲಿ ಅನ್ನಿಸಿತು ಹುಡುಗಿಗೆ!

"ಶೇವಿಂಗ್ ಬ್ಲೇಡು?"

"ಒಂದು ಪ್ಯಾಕೆಟ್."

"ಬೀಡಿ?"

"ನಾಲ್ಕು ಕಟ್ಟು."

ಇದರಲ್ಲಿ ಸುಳ್ಳೇನೂ ಇಲ್ಲ ನೋಡಿ. ತಿಂಗಳು ತಿಂಗಳೂ ಯಲ್ಲಾಪುರ ಪೇಟೆಯಿಂದ ತರುತ್ತಿದ್ದವಳು ಅವಳೇ. ಬೆಳಿಗ್ಗೆ ಅವ್ವ ಮಗ ಗಡ್ಡ ತೆಗೆಯಲೆಂದು ಕಂಬದ ಕನ್ನಡಿ ಕೆಳಗೆ ಬಿಸಿನೀರ ತಂಬಿಗೆ ಇಡುತ್ತಿದ್ದಳು. ಸಂಜೆ ಬೀಡಿ ಹಚ್ಚಿ ಜಗುಲಿಕಟ್ಟೆ ಮೇಲೆ ಇಡುತ್ತಿದ್ದಳು, ಆರಿದರೆ ಮತ್ತೆ ಹಚ್ಚುತ್ತಿದ್ದಳು. ಆ ವಾಸನೆಗೆ ಚೇತನಾಳ ಮೈ ಜುಮ್ಮೆನ್ನುತ್ತಿತ್ತು. ಕನ್ನಡಿಯತ್ತ ತಿರುಗಲೂ ಭಯ... ಹಿಂದೆ ಅಣ್ಣ ನಿಂತಿದ್ದರೆ?

ಯಾಕೋ ಕಮಲಾಕರನ ಮುಖ ಸಪ್ಪಗಾಯಿತು. ಅರ್ಧ ಚಹಾ ಅಲ್ಲೇ ಬಿಟ್ಟು ಎದ್ದುಹೋದ.

'ನಾನು ಎಂತ ತಪ್ಪು ಮಾತಾಡ್ದೆ?' ಹದಿನೈದು ದಿನ ಅವಳಿಗೆ ಅದೇ ಯೋಚನೆ.

ಹದಿನಾರನೇ ದಿನ ಬೆಳಿಗ್ಗೆ ಅವನು ಮತ್ತೆ ಬಂದ. ಗಡ್ಡ ಬೆಳೆದಿತ್ತು. ಕಣ್ಣು ನೆಲ ನೋಡುತ್ತಿತ್ತು.

"ಫಾರಂ ವಾಪಸ್ ಬಂತು. ಜನ ಮೂರು, ಅಕ್ಕಿ ಇಬ್ಬರಿಗಾಗುವಷ್ಟೇ! ಒಂದು ಮನೆ ತಪ್ಪಿದ್ರೆ ಸಾವಿರ ಮನೆ ತಪ್ಪಿದ ಹಾಗೆ ಅಂತಾರೆ ಸಾಹೇಬ್ರು. ನಿಮ್ಮ... ನಿಮ್ಮ ಯಜಮಾನರು ಹೊರಗೆ ಊಟ ಮಾಡ್ತಾರಾ?"

"ನನ್ನ ಯಜಮಾನರಾ?!"

ಅವನು ಫಾರಂ ತಿರುಗಿಸಿ ತೋರಿಸಿದ. ಉಲ್ಲಾಸ, ಅಳಿಯ.

"ನಿಮ್ಮ ಗಂಡ ಅಂತ್ಲೇ ತಿಳಿದು ಕೇಳದೇ ಬರೆದೆ. ಕೇಳೋಕೆ ಧೈರ್ಯ ಆಗ್ಲಿಲ್ಲ. ಹೌದು ಅಂದುಬಿಟ್ರೆ ಅಂತ..."

ಚೇತನಾಳಿಗೆ ನಗುವೂ ಬಂತು, ಅಳುವೂ ಬಂತು. ಬಾಗಿಲಲ್ಲಿ ಅವ್ವ ಬಿಸಿನೀರ ತಂಬಿಗೆ ಹಿಡಿದು ನಿಂತಿದ್ದಳು. 'ಹೇಳಿದ್ರೆ ಅವ್ವ ಕುಸಿದು ಹೋಗ್ತಾಳೆ. ಹೇಳದಿದ್ರೆ ಇವ್ರು ಮತ್ತೆ ಬರೋದಿಲ್ಲ... ದೇವರೇ!'

"ಉಲ್ಲಾಸ ನನ್ನ ಅಣ್ಣ," ಅಂದಳು. "ಅವ... ಸತ್ತ."

ತಂಬಿಗೆ ಠಣ್ ಎಂದು ಬಿತ್ತು. ನೀರು ಜಗುಲಿ ತುಂಬ ಹರಿಯಿತು.

ದುರ್ಗಮ್ಮ ಕಂಬ ಹಿಡಿದು ಮೆಲ್ಲಗೆ ಕೂತಳು. "ದಿನಾ ಅಕ್ಕಿ ಅಳೆಯೋಳು ನಾನೇ, ತಮಾ," ಎಂದಳು. "ಬಾಯಿ ಮೂರು ಅಂತು, ಕೈ ಮಾತ್ರ ಇಬ್ಬರಿಗೇ ಅಳೀತು. ಹೊಡೆದುಹಾಕು ಆ ಹೆಸರು."

ಆಮೇಲೆ ಅತ್ತಳು. ಎರಡು ವರ್ಷದ ಅಳು! ಚೇತನಾ ಅವಳನ್ನು ತಬ್ಬಿಕೊಂಡು ಕೂತಳು. ಕಮಲಾಕರ ಬಟ್ಟೆ ಹುಡುಕಿ ನೀರು ಒರೆಸಿದ.

ಕಣ್ಣು ಒರೆಸಿಕೊಂಡು ದುರ್ಗಮ್ಮನೇ ಮತ್ತೆ ಬಿಸಿನೀರು ತಂದಳು. ಹೊಸ ಬ್ಲೇಡು ಬಿಚ್ಚಿ ಅವನ ಮುಂದಿಟ್ಟಳು. "ಎಂಥಾ ಗಡ್ಡ ಇದು! ತೆಗ್ದುಕೊ. ಯಾರಾದ್ರೂ ಬಳಸ್ಲಿ." ಅಷ್ಟೆಂದು ಒಳಗೆ ಹೋದಳು.

ಚೇತನಾ ಕಂಬದ ಕನ್ನಡಿ ಇಳಿಸಿ, ತಾನು ನೋಡದೆ, ಅವನ ಮುಂದೆ ಹಿಡಿದಳು.

"ಆ ಸಾಲಲ್ಲಿ ಹೆಸರು ಮಾತ್ರ ತಪ್ಪು ಬರೆದೆ," ಅಂದ ಅವನು ಮೆಲ್ಲಗೆ. "ಅಳಿಯ ಅನ್ನೋದು ಹಾಗೇ ಇರಲಾ?"

ಅವಳು ಅವನ ಪಕ್ಕಕ್ಕೆ ಬಂದು, ಇಷ್ಟು ದಿನ ಹೆದರಿದ್ದ ಆ ಕನ್ನಡಿಯೊಳಗೆ ನೋಡಿದಳು.

"ಯಾರು ಕಾಣ್ತಾರೆ, ಚೇತನಾ?"

"ನೀವು... ನಾನು."

"ಮತ್ಯಾರೂ ಇಲ್ವಾ?"

"ಇಲ್ಲ," ಎಂದಳು, ಕೆನ್ನೆ ಒದ್ದೆಯಾಗಿ. "ಇರ್ಲಿ. ಅದು ಹಾಗೇ ಇರ್ಲಿ."