ಅವನು ಒಲ್ಲೆ ಅಂದಿರಲಿಲ್ಲ

"ಕೈ ಕೊಡ್ರಿ… ಕಲ್ಲು ಜಾರತೈತಿ."

"ಬ್ಯಾಡ. ಬಿದ್ದರೂ ನಾನೇ ಏಳ್ತೀನಿ!"

ಚಂದ್ರಕಲಾ ಬಂಡೆ ಹಿಡಿದು ತಾನೇ ಮೇಲೆ ಹತ್ತಿದಳು. ಹನುಮೇಶ್ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

ನಿಶ್ಚಿತಾರ್ಥ ಮುರಿದು ಎರಡು ವರ್ಷವಾದ ಮೇಲೆ ಇಬ್ಬರೂ ಎದುರಾಗಿದ್ದು ಇವತ್ತೇ. ಅವಳ ಅಕ್ಕ ಲಲಿತಾಳ ಗಂಡ ಲಿಂಗರಾಜ್, ಹನುಮೇಶನ ಸ್ವಂತ ಅಣ್ಣ. "ಸಂಡೂರು ಗುಡ್ಡದಾಗ ಹೂ ಮಸ್ತ್ ಬಿಟ್ಟಾವ, ಮನ್ಯಾರೆಲ್ಲಾ ಹೊಂಟೀವಿ, ಬಾರೇ" ಎಂದು ಅಕ್ಕ ಹೊಸಪೇಟೆಯಿಂದ ಕರೆತಂದಿದ್ದಳು. ಹನುಮೇಶ್ ಬರುವುದಿಲ್ಲ ಎಂದೂ ಹೇಳಿದ್ದಳು.

ಸುಳ್ಳು!

ಮಳೆ ನಿಂತ ಗುಡ್ಡದ ನೆತ್ತಿಯುದ್ದಕ್ಕೂ ಹಳದಿ, ನೇರಳೆ ಹೂಗಳು ಮೊಣಕಾಲೆತ್ತರಕ್ಕೆ ನಿಂತಿದ್ದವು. ಮುಂದೆ ಹೋದವರು ಸೆಲ್ಫಿ ತೆಗೆಯುತ್ತಾ ನಗುತ್ತಿದ್ದರು. ಚಂದ್ರಕಲಾಳಿಗೆ ಅದ್ಯಾವುದೂ ಬೇಕಿರಲಿಲ್ಲ.

ನಿಶ್ಚಿತಾರ್ಥದ ಬೆನ್ನಿಗೇ ಅವಳ ಕತ್ತಿನ ಮೇಲೆ ಬಿಳಿ ಕಲೆ ಕಾಣಿಸಿಕೊಂಡಿತ್ತು. ಅಂಟುವ ರೋಗವಲ್ಲ ಎಂದು ಡಾಕ್ಟರ್ ಹೇಳಿದ್ದರು. ಆದರೂ ಹನುಮೇಶನ ತಾಯಿ ಜಂಬವ್ವ ಮನೆಗೆ ಬಂದು, "ನಮ್ಮ ಹುಡುಗ ಒಲ್ಲೆ ಅಂತಾನ್ರಿ. ನಾವೇನು ಮಾಡಾಕ ಆಗತೈತಿ?" ಎಂದು ಹೇಳಿ ಹೋಗಿದ್ದಳು.

"ಚಂದ್ರಾ, ಒಂದ್ ಮಾತು…" ಹಿಂದಿನಿಂದ ಹನುಮೇಶನ ಧ್ವನಿ. "ನಾ ಒಲ್ಲೆ ಅಂದಿರಲಿಲ್ಲ. ಅವ್ವಾನೇ ಹಂಗ ಹೇಳಿದ್ಲು."

ಅವಳು ಗಕ್ಕನೆ ತಿರುಗಿದಳು. ಎರಡು ವರ್ಷ ತಾನು ಶಪಿಸಿದ್ದು… ಇವನು ಆಡದ ಮಾತನ್ನೇ?

"ನಿಮಗ ಯಾವಾಗ ಗೊತ್ತಾತು?"

"ಮರುದಿನಾನೇ."

"ಗೊತ್ತಾದ ಮ್ಯಾಲ?"

ಅವನು ತಲೆ ತಗ್ಗಿಸಿದ. "ಅವ್ವ ಊಟ ಬಿಟ್ಟು ಮಲಗಿದ್ಲು… ನಾ ಸುಮ್ಮನಾದೆ."

"ಒಲ್ಲೆ ಅನ್ನಲಿಲ್ಲ, ಖರೆ. ಬೇಕು ಅಂತನೂ ಅನ್ನಲಿಲ್ಲಲ್ರಿ!"

ಅವಳ ಕಣ್ಣು ತುಂಬಿ ಬಂತು. ಇಷ್ಟು ದಿನ ಇವನನ್ನು ದ್ವೇಷಿಸುವುದಾದರೂ ಸುಲಭವಿತ್ತು. ಇನ್ನು ಅದೂ ಇಲ್ಲ…

ಮೇಲೆ ಮನೆಯವರೆಲ್ಲ ಸುತ್ತ ಕೂತರು, ಜೊತೆಗೆ ಬಂದಿದ್ದ ಜಂಬವ್ವ ಬುತ್ತಿ ಬಿಚ್ಚಿದಳು. ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ಎಲ್ಲರೂ ಒಂದೇ ಡಬ್ಬಿಯಿಂದ ಚಟ್ನಿ ಹಾಕಿಕೊಂಡರು. ಚಂದ್ರಕಲಾ ಕೈ ಚಾಚುತ್ತಿದ್ದಂತೆ ಜಂಬವ್ವ ಡಬ್ಬಿಯನ್ನು ತನ್ನತ್ತ ಎಳೆದುಕೊಂಡಳು.

"ನೀ ತಡಿಯವ್ವ. ಮುಟ್ಟಬ್ಯಾಡ, ನಾನೇ ಮ್ಯಾಲಿಂದ ಹಾಕ್ತೀನಿ."

ಲಿಂಗರಾಜ್ ಬೇರೆಡೆ ನೋಡಿದ. ಲಲಿತಾಳ ತುತ್ತು ಕೈಯಲ್ಲೇ ಉಳಿಯಿತು.

ಚಂದ್ರಕಲಾ ಎದ್ದುಬಿಟ್ಟಳು.

"ಅವ್ವಾ!" ಹನುಮೇಶ್ ಎದ್ದು ನಿಂತ. "ಅಂಟೋ ರೋಗ ಅಲ್ಲ ಅಂತ ನಿನಗ ಗೊತ್ತೈತಿ. ಅವತ್ತು ನನ್ನ ಹೆಸರಿನ ಮ್ಯಾಲ ಸುಳ್ಳು ಹೇಳಿದಿ. ಬಾಯಿ ಮುಚ್ಕೊಂಡು ಕುಂತಿದ್ದು ನನ್ನ ತಪ್ಪು. ನನಗ ಆಗಲೂ ಈಕೀನೇ ಬೇಕಿದ್ಲು. ಈಗಲೂ ಈಕೀನೇ ಬೇಕು!"

"ಎಲ್ಲಾರ ಮುಂದ ನನ್ನ ಮಾನ ಕಳದ್ಯಲ್ಲೋ! ಆಕಿ ಬಂದ್ರ ನಾ ಆ ಮನ್ಯಾಗ ಇರಂಗಿಲ್ಲ."

"ನೀ ಇರವ್ವಾ. ನಾನೇ ಹೊರಗ ಹೋಗ್ತೀನಿ."

ಜಂಬವ್ವ ಮುಖ ತಿರುಗಿಸಿಕೊಂಡಳು. ಚಂದ್ರಕಲಾ ಅಷ್ಟರಲ್ಲೇ ಗುಡ್ಡ ಇಳಿಯತೊಡಗಿದ್ದಳು. ಅವನು ಓಡಿಬಂದು ಜೊತೆಯಾದ.

"ಚಂದ್ರಾ…"

"ಎರಡು ವರ್ಷ ಈ ಬಿಸಿಲಾಗ ಕತ್ತು ಮುಚ್ಕೊಂಡು ತಿರಗೀನಿ. ಕನ್ನಡಿ ನೋಡಿದಾಗೆಲ್ಲ, ಇದಕ್ಕ ನೀವು ಒಲ್ಲೆ ಅಂದ್ರಿ ಅಂತ… ಆ ದಿನ ಯಾರು ವಾಪಸ್ ಕೊಡ್ತಾರ?"

"ಯಾರೂ ಕೊಡಂಗಿಲ್ಲ."

ಅವನು ಯಾವ ಸಮಜಾಯಿಷಿಯನ್ನೂ ಹೇಳದಿದ್ದುದೇ ಅವಳನ್ನು ಅಳಿಸಿತು.

"ನಾ ಕ್ಷಮಿಸಿಲ್ಲ."

"ಗೊತ್ತೈತಿ."

"ಪ್ರೀತಿ ಹೋಗಿಲ್ಲ… ಅದಕ್ಕ ಇಷ್ಟು ಸಿಟ್ಟು."

"ನಾಳೆ ನಿಮ್ಮ ಅಪ್ಪಾರನ್ನ ನೋಡಾಕ ಬರ್ತೀನಿ. ಒಬ್ಬನೇ."

"ಅಪ್ಪ ಬೈತಾರ."

"ಬೈಸ್ಕೋತೀನಿ."

"ನಾನೂ ಬೈತೀನಿ."

"ಕುಂತು ಕೇಳ್ತೀನಿ."

ಚಂದ್ರಕಲಾ ಕಣ್ಣೊರೆಸಿಕೊಂಡು ಮುಂದೆ ನಡೆದಳು. ಸ್ವಲ್ಪ ದೂರ ಹೋಗಿ, ತಿರುಗಿ ನೋಡದೆಯೇ ಹೇಳಿದಳು:

"ನಾಳೆ ಊಟ ಮಾಡ್ಕೊಂಡು ಬರಬ್ಯಾಡ್ರಿ ಮತ್ತ…"