ಎರಡು ಸಲ ಕರೆಯಬೇಕು

"ಹೊರಗಿನ ತಿಂಡಿ ಒಳಗೆ ಬಿಡೂದಿಲ್ಲ ಅಜ್ಜಿ," ಎಂದ ಗೇಟಿನ ಸೆಕ್ಯುರಿಟಿಯವನು. ಅವನ ಕೈ ಗಂಗಿ ಅಜ್ಜಿಯ ಚೀಲದೊಳಗೆ ಮೊಣಕೈವರೆಗೆ ಇಳಿದಿತ್ತು.

"ತಿಂಡಿ ಅಲ್ಲ ತಮ್ಮಾ. ಮಾವಿನಹಣ್ಣು. ಕರಿ ಈಶಾಡ."

"ಅದೂ ತಿನ್ನೂದೇ ಅಲ್ವಾ?"

"ನಾವು ತಿಂಬೂಕಲ್ಲ. ಮನೆಯವ್ರಿಗೆ ಕೊಡೂಕೆ."

"ಯಾವ ಮನೆಯವ್ರಿಗೆ?"

ಇದೆಂಥ ಪ್ರಶ್ನೆ ಎಂಬಂತೆ ಅಜ್ಜಿ ಅವನನ್ನು ನೋಡಿದಳು. ಗೇಟಿನಾಚೆ ಕಾಣುತ್ತಿದ್ದ ಐದು ಮಾಳಿಗೆಯ ನೀಲಿ ಹೋಟೆಲಿನ ಕಡೆಗೆ ಕೈ ತೋರಿಸಿ, "ಈ ಮನೆಯವ್ರಿಗೆ. ಒಂದ್ ರಾತ್ರಿ ಉಳಿಯೂಕೆ ಬಂದವ್ರು ಬರಿಗೈಲಿ ಬರೂದಾ?" ಎಂದಳು.

ಹಿಂದೆ ಸಾಲಿನಲ್ಲಿದ್ದವರು ನಕ್ಕರು. ಪಕ್ಕದಲ್ಲಿದ್ದ ಮೊಮ್ಮಗಳು ರಕ್ಷಿತಾ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡುತ್ತ ನಿಂತಳು. ಚಪ್ಪಲಿಯಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಸೆಕ್ಯುರಿಟಿಯವನು ಚೀಲಕ್ಕೆ ಮೂವತ್ತೊಂದನೇ ನಂಬರಿನ ಟೋಕನ್ ಕಟ್ಟಿ ಮೇಜಿನ ಕೆಳಗಿಟ್ಟ. "ನಾಳೆ ಹೋಗುವಾಗ ತಕಂಡು ಹೋಗಿ."

"ಬಿಸಿಲು ತಾಗಿಸಬ್ಯಾಡ ಮತ್ತೆ. ಮೇಲೆ ಭಾರದ್ದೆಂತೂ ಇಡಬ್ಯಾಡ," ಎಂದಳು ಅಜ್ಜಿ. ಒಳಗೆ ಹೋಗುವಾಗ ಎರಡು ಸಲ ತಿರುಗಿ ನೋಡಿದಳು.

ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ದಾರಿಯಲ್ಲಿ ಈ 'ಜಲಕನ್ಯೆ' ವಾಟರ್ ಪಾರ್ಕ್ ಶುರುವಾಗಿ ಒಂದು ವರ್ಷವಾಗಿತ್ತು. ಅವರು ಶಾಲೆಗಳಲ್ಲಿ ಡ್ರಾಯಿಂಗ್ ಸ್ಪರ್ಧೆ ಇಟ್ಟಿದ್ದರು. ಬೆಳಸೆಯ ರಕ್ಷಿತಾ ಬರೆದ ದೋಣಿಗೆ ಫಸ್ಟ್ ಪ್ರೈಜ್ ಬಂತು. ಒಂದು ಮಗುವಿಗೆ ಮತ್ತು ಒಬ್ಬ ದೊಡ್ಡವರಿಗೆ ರೆಸಾರ್ಟಿನಲ್ಲಿ ಒಂದು ರಾತ್ರಿ, ರಾತ್ರಿಯ ಊಟ, ಬೆಳಗಿನ ತಿಂಡಿ, ಎಲ್ಲಾ ಸ್ಲೈಡ್ ಫ್ರೀ.

ಆ ಒಬ್ಬ ದೊಡ್ಡವರು ಯಾರು ಎಂಬುದೇ ತಾಪತ್ರಯವಾಯಿತು. ಅಪ್ಪನಿಗೆ ಬಿಣಗಾ ಫ್ಯಾಕ್ಟರಿಯಲ್ಲಿ ಶಿಫ್ಟು. ಅಮ್ಮ ಲಲಿತಾ ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಮೇ ತಿಂಗಳೆಂದರೆ ಮದುವೆಗಳ ಸುಗ್ಗಿ, ಅವಳ ಮಷಿನ್ನಿಗೆ ಉಸಿರಾಡಲೂ ಪುರಸೊತ್ತಿರಲಿಲ್ಲ. ಉಳಿದವಳು ಅಜ್ಜಿ.

"ಅಜ್ಜಿಗೆ ಲಿಫ್ಟ್ ಎಲ್ಲಾ ಗೊತ್ತಿಲ್ಲ ಅಮ್ಮಾ," ಎಂದಿದ್ದಳು ರಕ್ಷಿತಾ.

"ನಿಂಗೆ ಗೊತ್ತದೆ ಅಲಾ, ಹೇಳ್ಕೊಡು," ಎಂದಿದ್ದಳು ಅಮ್ಮ, ಬಾಯಲ್ಲಿದ್ದ ದಾರ ತೆಗೆಯದೆ.

ಒಳಗೆ ಕಾರಂಜಿಯ ನಡುವೆ ದೊಡ್ಡದೊಂದು ಮತ್ಸ್ಯಕನ್ಯೆಯ ಬೊಂಬೆ ಇತ್ತು. ಅಜ್ಜಿ ಚಪ್ಪಲಿ ಬಿಟ್ಟು ಅದಕ್ಕೆ ಕೈ ಮುಗಿದಳು. ಕೌಂಟರಿನ ಅಕ್ಕ ಇಬ್ಬರ ಕೈಗೂ ಹಸಿರು ಪ್ಲಾಸ್ಟಿಕ್ ಪಟ್ಟಿ ಕಟ್ಟಿದಳು.

ಅಲ್ಲಿ ಕೋಣೆಗಳಿಗೆಲ್ಲ ಸಮುದ್ರದ ಪ್ರಾಣಿಗಳ ಹೆಸರು. ಇವರದು ಆಮೆ ಕೋಣೆ. ಗೋಡೆಯ ತುಂಬ ಆಮೆ, ದೀಪವೂ ಆಮೆ. ಹಾಸಿಗೆಯ ಮೇಲೆ ಬಿಳಿ ಟವೆಲನ್ನು ಮಡಚಿ ಮಾಡಿದ ಒಂದು ಹಂಸ ಕೂತಿತ್ತು.

"ಇದನ್ನ ಯಾರು ಮಾಡೂದು?" ಎಂದು ಅಜ್ಜಿ ಕೇಳಿದಳು, ನೀರಿನ ಬಾಟಲಿ ಇಡಲು ಬಂದ ಹೆಂಗಸಿನ ಹತ್ತಿರ.

"ನಾನೇ ಅಜ್ಜಿ. ರೂಮು ಕ್ಲೀನ್ ಮಾಡೂದು, ಹಂಸ ಮಾಡೂದು, ಎಲ್ಲಾ ನಾನೇ. ನನ್ ಹೆಸ್ರು ಬೇಬಿ. ನಮ್ದು ಅವರ್ಸಾ."

"ನಮ್ದು ಬೆಳಸೆ," ಎಂದಳು ಅಜ್ಜಿ. ಆಮೇಲೆ ಅವರ್ಸಾದಲ್ಲಿ ಯಾರ ಮನೆಯ ಪಕ್ಕ, ಬೆಳಸೆಯಲ್ಲಿ ಯಾರ ಪೈಕಿ ಎಂದು ಇಬ್ಬರೂ ಐದು ನಿಮಿಷ ಮಾತಾಡಿದರು.

ಆ ಹಂಸವನ್ನು ಅಜ್ಜಿ ಬಿಚ್ಚಲೇ ಇಲ್ಲ. ಯಾರೋ ಕೂತು ಮಾಡಿದ್ದನ್ನು ಹಾಳು ಮಾಡಬಾರದೆಂದು ಸೆರಗಿನಲ್ಲೇ ಮುಖ ಒರೆಸಿಕೊಂಡಳು.

ಮಧ್ಯಾಹ್ನವಿಡೀ ರಕ್ಷಿತಾ ನೀರಿನಲ್ಲಿದ್ದಳು. ಅಲ್ಲಿ ಅವಳಿಗೆ ವಿಜೇತಾ ಸಿಕ್ಕಿದಳು. ಕೈಗಾದ ಕಾಲೊನಿಯ ಹುಡುಗಿ, ಇವಳದೇ ವಯಸ್ಸು, ಅಪ್ಪ, ಅಮ್ಮ, ಅಣ್ಣನ ಜೊತೆ ಇಲ್ಲಿಗೆ ಬಂದದ್ದು ಮೂರನೇ ಸಲ. ವಿಜೇತಾಗೆ ಎಲ್ಲಾ ಗೊತ್ತಿತ್ತು. ಸೈರನ್ ಆದರೆ ವೇವ್ ಬರುತ್ತದೆ, ಕೆಂಪು ಸ್ಲೈಡಿನಲ್ಲಿ ಕೈ ಕಟ್ಟಿಕೊಂಡು ಮಲಗಬೇಕು.

"ಬೆಳಿಗ್ಗೆ ಬ್ರೇಕ್‌ಫಾಸ್ಟ್ ಮಿಸ್ ಮಾಡಬೇಡ," ಎಂದಳು ವಿಜೇತಾ. "ಚಾಕೊಲೇಟ್ ಫೌಂಟನ್ ಉಂಟು. ನಾವೇ ಹೋಗಿ ಹಾಕ್ಕೊಳ್ಳೋದು. ಆದ್ರೆ ಹತ್ತು ಗಂಟೆಗೆ ಕ್ಲೋಸ್. ಆಮೇಲೆ ಎಷ್ಟು ಕೇಳಿದ್ರೂ ಕೊಡೋದಿಲ್ಲ."

ರಾತ್ರಿ ಏಳೂವರೆಗೆ ರಕ್ಷಿತಾಗೆ ಜೋರು ಹಸಿವಾಯಿತು. ಅಜ್ಜಿ ಒಳ್ಳೆ ಸೀರೆ ಉಟ್ಟು ಹಾಸಿಗೆಯ ತುದಿಯಲ್ಲಿ ಕೂತಿದ್ದಳು.

"ಅಜ್ಜಿ, ಊಟಕ್ಕೆ ಹೋಗ್ವಾ."

"ಕರೀಲಿ."

"ಇಲ್ಲಿ ಯಾರೂ ಕರೆಯೂದಿಲ್ಲ. ನಾವೇ ಹೋಗೂದು."

"ಕರೀದೆ ಹೋಗೂಕೆ ನಾವೆಂತ ಕಾಗೆಯಾ?"

ಊಟದ ವಿಷಯದಲ್ಲಿ ಅಜ್ಜಿಯದು ಅವಳದೇ ಕಾನೂನು. ಕರೆಯದೆ ಹೋಗಬಾರದು. ಒಂದು ಸಲ ಕರೆದರೂ ಏಳಬಾರದು. ಎರಡನೇ ಸಲ ಕರೆದ ಮೇಲೆಯೇ ಏಳಬೇಕು. "ಮೊದಲ್ನೇದು ಬಾಯಿಂದ ಕರೆಯೂದು, ಎರಡನೇದು ಮನಸಿಂದ," ಎನ್ನುತ್ತಿದ್ದಳು. ಮನೆಯಲ್ಲೂ ಅಮ್ಮ ದಿನಾ ಎರಡು ಸಲ ಕರೆಯುತ್ತಿದ್ದಳು. ರಕ್ಷಿತಾ ಮಾತ್ರ ಕರೆಯುವ ಮೊದಲೇ ತಟ್ಟೆಯ ಮುಂದೆ ಇರುತ್ತಿದ್ದಳು.

ಅಷ್ಟರಲ್ಲಿ ಬೇಬಿ ಟ್ರಾಲಿ ತಳ್ಳಿಕೊಂಡು ಬಂದಳು. ಬಾಗಿಲು ತೆರೆದೇ ಇತ್ತು. "ಊಟ ಆಗ್ಲಿಲ್ವಾ ಅಜ್ಜಿ? ಹೋಗಿ, ಊಟ ಮಾಡಿ."

"ಆಗ್ಲಿ ಮಗಾ, ಅವಸರ ಎಂತದು," ಎಂದಳು ಅಜ್ಜಿ, ಕೂತಲ್ಲಿಂದ ಏಳದೆ.

ಬೇಬಿ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತಳು. ಟ್ರಾಲಿ ಬಿಟ್ಟು ವಾಪಸ್ ಬಂದು ಬಾಗಿಲಲ್ಲಿ ನಿಂತು ನಕ್ಕಳು. "ಹಾಂಗಲ್ಲ ಅಜ್ಜಿ, ಏಳಿ. ತಣ್ಣಗಾಗ್ತದೆ."

ಅಜ್ಜಿ ಕೂಡಲೇ ಎದ್ದಳು. "ನೋಡ್ದ್ಯಾ? ಕರದ್ರು."

ಊಟದ ಹಾಲ್ ಮದುವೆ ಮನೆಗಿಂತ ದೊಡ್ಡದಿತ್ತು. ಆಕ್ಟೋಪಸ್ ವೇಷದವನೊಬ್ಬ ಎಂಟು ಕೈ ಅಲ್ಲಾಡಿಸುತ್ತ ಟೇಬಲ್ಲಿಂದ ಟೇಬಲ್ಲಿಗೆ ಕುಣಿಯುತ್ತಿದ್ದ. ಇವರ ಟೇಬಲ್ಲಿಗೆ ಬಂದಾಗ ಅಜ್ಜಿ ಅವನ ಒಂದು ಕೈ ಹಿಡಿದುಕೊಂಡಳು.

"ಒಳಗೆ ಸೆಕೆ ಆಗೂದಿಲ್ವಾ ತಮ್ಮಾ? ನಿಂದು ಊಟ ಆಯ್ತಾ?"

ಆಕ್ಟೋಪಸ್ ಕುಣಿತ ನಿಲ್ಲಿಸಿ ಇಲ್ಲ ಎಂದು ತಲೆಯಾಡಿಸಿತು. "ಮತ್ತೆ ಕೂತ್ಕೋ," ಎಂದಳು ಅಜ್ಜಿ. ಸುತ್ತಲಿನವರು ಮೊಬೈಲ್ ಎತ್ತಿ ವೀಡಿಯೊ ಮಾಡತೊಡಗಿದರು. ಊಟ ಮುಗಿದ ಮೇಲೆ ಅಜ್ಜಿ ತನ್ನ ಪ್ಲೇಟು ಹಿಡಿದುಕೊಂಡು, ತೊಳೆಯಲು ನಲ್ಲಿ ಎಲ್ಲಿದೆ ಎಂದು ಟೇಬಲ್ಲುಗಳ ನಡುವೆ ಹುಡುಕುತ್ತ ನಡೆದಳು. ವಿಜೇತಾಳ ಅಣ್ಣ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ. ವಿಜೇತಾ ನಕ್ಕಳೋ ಇಲ್ಲವೋ ರಕ್ಷಿತಾ ನೋಡಲಿಲ್ಲ. ಅವಳು ಮತ್ತೆ ಚಪ್ಪಲಿ ನೋಡುತ್ತಿದ್ದಳು. ಭೂಮಿ ಬಾಯ್ಬಿಡಬಾರದೇ ಎನಿಸಿತು.

ಬೆಳಿಗ್ಗೆ ರಕ್ಷಿತಾ ಏಳುವಾಗ ಅಜ್ಜಿಯ ಸ್ನಾನ ಆಗಿತ್ತು. ರಾತ್ರಿ ಅಜ್ಜಿ ನೆಲದಲ್ಲೇ ಮಲಗಿದ್ದಳು. ಹಾಸಿದ ಚಾದರ ಮಡಚಿ ಮೂಲೆಯಲ್ಲಿಟ್ಟು, ತಲೆ ಬಾಚಿ, ಹಾಸಿಗೆಯ ತುದಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಹಂಸ ಹಾಗೇ ಇತ್ತು.

"ಕರೀತ್ರು ಈಗ," ಎಂದಳು ಅಜ್ಜಿ.

ಆಮೆ ಗಡಿಯಾರದಲ್ಲಿ ಎಂಟೂಕಾಲು. ಇನ್ನೂ ಬೇಕಾದಷ್ಟು ಹೊತ್ತಿತ್ತು. ಹತ್ತಕ್ಕೆ ಕ್ಲೋಸ್ ಎಂದು ರಕ್ಷಿತಾ ಹೇಳಬಹುದಿತ್ತು. ಕೈ ಹಿಡಿದು ಎಳೆದಿದ್ದರೆ ಅಜ್ಜಿ ಬರುತ್ತಿದ್ದಳೋ ಏನೋ. ಆದರೆ ಆ ಹಾಲ್, ಆ ಮೊಬೈಲುಗಳು, ಮತ್ತೆ ಪ್ಲೇಟು ಹಿಡಿದು ನಲ್ಲಿ ಹುಡುಕುವ ಅಜ್ಜಿ. ರಕ್ಷಿತಾ ರಿಮೋಟ್ ಎತ್ತಿಕೊಂಡಳು. ಟಿವಿ ಹಾಕಿದಳು.

ಒಂಬತ್ತಾಯಿತು. ಹೊರಗೆ ಮಕ್ಕಳು ಓಡುವ ಸದ್ದು, ಲಿಫ್ಟಿನ ಸದ್ದು. ಸದ್ದಾದಾಗಲೆಲ್ಲ ಅಜ್ಜಿ ಸೆರಗು ಸರಿ ಮಾಡಿಕೊಂಡು ಬಾಗಿಲ ಕಡೆ ನೋಡುತ್ತಿದ್ದಳು.

"ಬೇಬಿ ಕಾಣೂಕಿಲ್ಲ ಅಲಾ," ಎಂದಳು ಒಂಬತ್ತೂವರೆಗೆ.

ರಕ್ಷಿತಾಳ ಹೊಟ್ಟೆ ಗುರ್ರ್ ಎಂದಿತು. ಟಿವಿಯ ಸದ್ದಿನಲ್ಲೂ ಅಜ್ಜಿಗೆ ಅದು ಕೇಳಿಸಿತು. ಅವಳು ಸೆರಗಿನ ಗಂಟು ಬಿಚ್ಚಿ ಒಂದು ಚೂರು ಬೆಲ್ಲ ತೆಗೆದಳು. ಗೇಟಿನವನು ಸೆರಗು ನೋಡಿರಲಿಲ್ಲ.

"ಬಾಯಿಗೆ ಹಾಕು."

"ನಿಂಗೆ?"

"ನಂಗೆಂತ ಹಸಿವೆ. ತಿನ್ನು."

ಇದ್ದದ್ದು ಒಂದೇ ಚೂರು. ರಕ್ಷಿತಾ ತಿಂದಳು. ಈಗ ಹೇಳಿಬಿಡೋಣ ಎಂದು ಗಡಿಯಾರ ನೋಡಿದಳು. ಹತ್ತಕ್ಕೆ ಐದು ನಿಮಿಷ ಇತ್ತು. ಹೇಳಲಿಲ್ಲ. ಆಮೇಲೆ ಹತ್ತಾಯಿತು, ಹತ್ತೂ ಐದಾಯಿತು.

"ಈ ಮನೆಯವ್ರಿಗೆ ಏನೋ ತೊಂದ್ರೆ ಆಗ್ಯದೆ," ಎಂದಳು ಅಜ್ಜಿ ಮೆಲ್ಲಗೆ. "ಇಲ್ದಿದ್ರೆ ಬಂದವ್ರನ್ನ ಕರೀದೆ ಇರೂದಿಲ್ಲ. ಪಾಪ, ಎಷ್ಟು ಜನಕ್ಕೆ ಬೇಯಿಸೂದು. ನೀ ಹೋಗಿ ಕೇಳಬ್ಯಾಡ ತಂಗೀ. ಅವ್ರಿಗೆ ನಾಚಿಕೆ ಆಗ್ತದೆ."

ರಕ್ಷಿತಾ ಟಿವಿ ಬಂದ್ ಮಾಡಿದಳು. ಅವಳಿಗೆ ಅಳು ಬಂತು, ಆದರೆ ಅಳಲಿಲ್ಲ.

ಹತ್ತೂಕಾಲಿಗೆ ಬೇಬಿ ಬಂದಳು. "ನಂದು ಇವತ್ತು ಹತ್ತರ ಡ್ಯೂಟಿ. ತಿಂಡಿ ಆಯ್ತಾ ಅಜ್ಜಿ?"

"ಆಯ್ತು ಆಯ್ತು," ಎಂದಳು ಅಜ್ಜಿ. "ಹೊಟ್ಟೆ ತುಂಬಾ ಆಯ್ತು."

"ಆಗ್ಲಿಲ್ಲ," ಎಂದಳು ರಕ್ಷಿತಾ.

ಬೇಬಿ ಇಬ್ಬರನ್ನೂ ನೋಡಿದಳು. "ಎಂತಕ್ಕೆ? ಹತ್ತರ ತನಕ ಇತ್ತು ಅಲಾ!"

"ನಾನು ಹೇಳ್ಲಿಲ್ಲ."

"ಮಗು ಅದು. ಅದಕ್ಕೆಂತ ಗೊತ್ತು ಇಲ್ಲಿಯ ಕಟ್ಲೆ," ಎಂದಳು ಅಜ್ಜಿ, ರಕ್ಷಿತಾಳ ಬೆನ್ನಿನ ಮೇಲೆ ಕೈ ಇಟ್ಟು. ಗೊತ್ತಿತ್ತು ಎಂಬ ಮಾತು ರಕ್ಷಿತಾಳ ಬಾಯಿಗೆ ಬಂದು ಅಲ್ಲೇ ನಿಂತಿತು. ಬೆನ್ನಿನ ಮೇಲಿನ ಕೈ ಬಿಸಿಯಾಗಿತ್ತು.

ಬೇಬಿ ಟ್ರಾಲಿಯ ಕೆಳಗಿನಿಂದ ತನ್ನ ಸ್ಟೀಲ್ ಡಬ್ಬಿ ತೆಗೆದು ಮೇಜಿನ ಮೇಲೆ ಬಿಚ್ಚಿದಳು. ಮೂರು ಅಕ್ಕಿ ರೊಟ್ಟಿ, ಒಣ ಸಿಗಡಿ ಚಟ್ನಿ. ಆಮೆ ಕೋಣೆಯ ತುಂಬ ಸಿಗಡಿಯ ವಾಸನೆ ಹಬ್ಬಿತು.

"ಬನ್ನಿ ಅಜ್ಜಿ, ತಿನ್ನಿ."

"ಬ್ಯಾಡ ಮಗಾ. ಅದು ನಿನ್ ಊಟ."

"ಹಾಂಗಲ್ಲ ಅಜ್ಜಿ, ಏಳಿ," ಎಂದಳು ಬೇಬಿ.

ಅಜ್ಜಿ ಎದ್ದಳು. ಒಂದು ರೊಟ್ಟಿಯನ್ನು ಬೇಬಿಗೆಂದು ಡಬ್ಬಿಯಲ್ಲೇ ಬಿಟ್ಟಳು. ಉಳಿದೆರಡನ್ನು ಅಜ್ಜಿ ಮತ್ತು ರಕ್ಷಿತಾ ತಿಂದರು. ಬೇಬಿ ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತು, ಸೂಪರ್‌ವೈಸರ್ ಬರುತ್ತಾರೋ ಎಂದು ನೋಡುತ್ತಿದ್ದಳು. ತಿಂದಾದ ಮೇಲೆ ಅಜ್ಜಿ ಡಬ್ಬಿಯ ಮುಚ್ಚಳವನ್ನು ಬಾತ್‌ರೂಮಿನಲ್ಲಿ ತೊಳೆದು ಒರೆಸಿ ಕೊಟ್ಟಳು.

ಹನ್ನೊಂದಕ್ಕೆ ಇಬ್ಬರೂ ಗೇಟಿಗೆ ಬಂದರು. ನಿನ್ನೆಯ ಸೆಕ್ಯುರಿಟಿಯವನೇ ಇದ್ದ. ಮೂವತ್ತೊಂದನೇ ನಂಬರಿನ ಚೀಲದ ಬಾಯಿ ತೆರೆಯುತ್ತಲೇ ಈಶಾಡದ ಪರಿಮಳ ಸುತ್ತಲೂ ಹರಡಿತು.

"ಇದನ್ನ ಕೊಡದೆ ಹ್ಯಾಂಗೆ ಹೋಗೂದು?" ಎಂದು ಅಜ್ಜಿ ನಿಂತುಬಿಟ್ಟಳು. "ಮನೆಯವ್ರು ಕಡೆಗೂ ಸಿಕ್ಕಲಿಲ್ಲ."

ಹಿಂದೆ ಜನ ಇದ್ದರು. ಸ್ವಲ್ಪ ದೂರದಲ್ಲಿ ವಿಜೇತಾಳ ಮನೆಯವರು ಕಾರಿಗೆ ಬ್ಯಾಗು ತುಂಬುತ್ತಿದ್ದರು. ರಕ್ಷಿತಾ ಅಜ್ಜಿಯ ಕೈಯಿಂದ ಚೀಲ ತೆಗೆದುಕೊಂಡಳು. ಎರಡೂ ಕೈಯಲ್ಲಿ ಎತ್ತಿ ಸೆಕ್ಯುರಿಟಿಯ ಮೇಜಿನ ಮೇಲಿಟ್ಟಳು.

"ಇದು ಮನೆಯವ್ರಿಗೆ," ಎಂದಳು. ದನಿ ಅವಳು ಎಣಿಸಿದ್ದಕ್ಕಿಂತ ಜೋರಾಗಿಯೇ ಬಂತು.

"ಯಾವ ಮನೆಯವ್ರಿಗೆ?"

"ಬೇಬಿ ಅಕ್ಕನಿಗೆ. ರೂಮು ಕ್ಲೀನ್ ಮಾಡ್ತಾರಲ್ಲ, ಅವ್ರಿಗೆ. ಆಮೆ ಕೋಣೆಯ ಅಜ್ಜಿ ಕೊಟ್ಟದ್ದು ಅಂತ ಹೇಳಿ."

ಯಾರೋ ನಕ್ಕರು. ರಕ್ಷಿತಾ ಚಪ್ಪಲಿ ನೋಡಲಿಲ್ಲ. ಸೆಕ್ಯುರಿಟಿಯವನನ್ನೇ ನೋಡುತ್ತ, ಅವನು ಸರಿ ಎನ್ನುವವರೆಗೂ ನಿಂತಳು.

"ಸಂಜೆ ಡ್ಯೂಟಿ ಬಿಟ್ಟು ಇಲ್ಲಿಂದ್ಲೇ ಹೋಗ್ತಾಳೆ, ಕೊಡ್ತೇನೆ," ಎಂದ ಅವನು. ಅಜ್ಜಿ ಚೀಲದಿಂದ ಎರಡು ಹಣ್ಣು ತೆಗೆದು ಅವನ ಮುಂದಿಟ್ಟಳು. "ಒಂದು ನಿಂಗೆ. ಇನ್ನೊಂದು ಆ ಎಂಟು ಕೈಯವನಿಗೆ."

ಬಸ್ಸಿನಲ್ಲಿ ಅಜ್ಜಿ ತೂಕಡಿಸಿದಳು. ಅವಳ ಕೈಯಲ್ಲಿ ಹಸಿರು ಪಟ್ಟಿ ಹಾಗೇ ಇತ್ತು. ಅಂಕೋಲೆ ಬರುವವರೆಗೂ ರಕ್ಷಿತಾ 'ನಂಗೆ ಗೊತ್ತಿತ್ತು ಅಜ್ಜಿ' ಎಂಬ ಒಂದೇ ವಾಕ್ಯವನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಂಡಳು. ಅಜ್ಜಿಗೆ ಎಚ್ಚರವಾದಾಗ ಇಳಿಯುವ ಗಡಿಬಿಡಿ, ಹೇಳಲಾಗಲಿಲ್ಲ.

ಸಂಜೆ ಅಪ್ಪ ಶಿಫ್ಟ್ ಮುಗಿಸಿ ಬಂದರು. ಅಮ್ಮ ಅನ್ನ ಬಸಿದು ತಟ್ಟೆ ಇಟ್ಟಳು. ಅಜ್ಜಿ ಅಂಗಳದಲ್ಲಿ ಕೂತು ಕತ್ತಿಯಿಂದ ತೆಂಗಿನ ಗರಿ ಸೀಳಿ ಪೊರಕೆಗೆ ಹಿಡಿಕಡ್ಡಿ ತೆಗೆಯುತ್ತಿದ್ದಳು. ಅಮ್ಮ ಕರೆಯಲು ಬಾಗಿಲಿಗೆ ಹೊರಟಳು.

"ನಾ ಕರೀತೆ," ಎಂದಳು ರಕ್ಷಿತಾ, ತಟ್ಟೆಯ ಮುಂದಿನಿಂದ ಎದ್ದು.

ಮೆಟ್ಟಿಲ ಮೇಲೆ ನಿಂತು ಕೂಗಿದಳು. "ಅಜ್ಜೀ, ಉಂಬೂಕೆ ಬಾ."

"ಆಗ್ಲಿ, ಬತ್ತೆ," ಎಂದಳು ಅಜ್ಜಿ. ತಲೆ ಎತ್ತಲಿಲ್ಲ. ಇನ್ನೊಂದು ಗರಿ ತೆಗೆದುಕೊಂಡಳು.

ರಕ್ಷಿತಾ ಒಳಗೆ ಓಡಲಿಲ್ಲ. ಮೆಟ್ಟಿಲಿಳಿದು, ಅಂಗಳ ದಾಟಿ, ಅಜ್ಜಿಯ ಹತ್ತಿರ ಬಂದು ನಿಂತಳು.

"ಹಾಂಗಲ್ಲ ಅಜ್ಜಿ, ಏಳು," ಎಂದು ಕೈ ಚಾಚಿದಳು. "ತಣ್ಣಗಾಗ್ತದೆ."

ಅಜ್ಜಿ ತಲೆ ಎತ್ತಿ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕತ್ತಿ ಕೆಳಗಿಟ್ಟು, ಆ ಕೈ ಹಿಡಿದುಕೊಂಡು ಎದ್ದಳು.