ಕೇಕಿಗೆ ಎರಡು ಚಮಚ

"ಬಾಯಿ ತೆಗೀರಿ," ಎಂದ ಹಲ್ಲಿನ ಡಾಕ್ಟರು ಮರುಕ್ಷಣವೇ ಎರಡು ಹೆಜ್ಜೆ ಹಿಂದೆ ಸರಿದ.

ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಕೆನ್ನೆ ಹಿಡಿದು ಕೂತಿದ್ದ ಟೈಲರ್ ಹುಡುಗಿಯ ಬಾಯಿಂದ ಘಮ್ಮೆಂದು ರಮ್ಮಿನ ವಾಸನೆ!

"ಎಷ್ಟು ಕುಡಿದಿದ್ದೀರಿ?"

"ಕುಡಿದಿಲ್ಲ ಡಾಕ್ಟ್ರೇ... ತಿಂದಿದ್ದೀನಿ!"

"ರಮ್ ತಿನ್ನೋರನ್ನ ಇದೇ ಮೊದಲು ನೋಡ್ತಿರೋದು."

ನಡೆದದ್ದು ಇಷ್ಟೇ. ಕ್ರಿಸ್‌ಮಸ್ ಕೇಕಿಗೆಂದು ದೊಡ್ಡಮ್ಮ ದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆಗಳನ್ನು ಒಂದು ತಿಂಗಳು ರಮ್ಮಿನಲ್ಲಿ ನೆನೆಹಾಕಿದ್ದಳು. ಹಿಟ್ಟಿಗೆ ಬೆರೆಸುವ ಮೊದಲು ಇವಳು ಒಂದು ಹಿಡಿ ಕದ್ದು ಬಾಯಿಗೆ ಹಾಕಿಕೊಂಡಳು. ಖರ್ಜೂರದ ಬೀಜ ತೆಗೆಯುವ ಕೆಲಸ ಇವಳದೇ. ಟಿವಿ ನೋಡುತ್ತಾ ತೆಗೆದಿದ್ದಳು. ಕಟಕ್! ದವಡೆ ಹಲ್ಲು ಸೀಳುಬಿಟ್ಟಿತು.

ಬಾಯಿ ತುಂಬ ಹತ್ತಿ ತುರುಕಿಸಿಕೊಂಡು ಇದನ್ನೆಲ್ಲ ವಿವರಿಸಿದಾಗ ಡಾಕ್ಟರಿಗೆ ಕೇಳಿಸಿದ್ದು ಬರೀ "ಆಂ... ಊಂ..."

"ನಾಲ್ಕು ಸಲ ಬರಬೇಕು. ಭಾನುವಾರವೇ ಬನ್ನಿ," ಎಂದವನು ಚೀಟಿಯ ಕೆಳಗೆ ದಪ್ಪಕ್ಷರದಲ್ಲಿ 'ಕುಡಿಯಬಾರದು' ಎಂದು ಬರೆದ.

ಅವಳ ಗ್ರಹಚಾರ! ಬೆಂದ ಕೇಕನ್ನು ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು, ಅದು ಹದವಾಗಲೆಂದು ವಾರಕ್ಕೊಮ್ಮೆ ಎರಡು ಚಮಚ ರಮ್ ಕುಡಿಸುವ ದಿನವೂ ಭಾನುವಾರವೇ. ಎಷ್ಟು ಸೋಪು ಹಾಕಿ ತೊಳೆದರೂ ಬೆರಳಿನ ವಾಸನೆ ಹೋಗುತ್ತಿರಲಿಲ್ಲ.

"ಈ ವಾರಾನೂ?" ಎಂದ ಡಾಕ್ಟರು.

"ಕೇಕಿಗೆ ಕುಡಿಸಿದೆ!"

"ನಮ್ಮ ಸೋದರಮಾವನೂ ಬಾಟ್ಲಿ ಇರೋದು ಮೊಣಕಾಲಿಗೆ ಹಚ್ಚೋಕೆ ಅಂತಿದ್ರು." ಅವನು ನಿಟ್ಟುಸಿರು ಬಿಟ್ಟ. "ಸರಿ, ಒಂದು ಚೂರು ತಂದು ತೋರಿಸಿ."

"ಕ್ರಿಸ್‌ಮಸ್‌ಗೆ ಮುಂಚೆ ಕತ್ತರಿಸೋ ಹಾಗಿಲ್ಲ. ದೊಡ್ಡಮ್ಮನ ಕಟ್ಟಪ್ಪಣೆ."

"ಹೌದೌದು..."

ಮೂರನೇ ಭಾನುವಾರ ಅವನು ಕುಡಿತ ಬಿಡುವುದು ಹೇಗೆಂಬ ಪುಸ್ತಕವನ್ನೇ ಕೊಟ್ಟ. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ 'ಧೈರ್ಯವಾಗಿರಿ, ನಾನಿದ್ದೇನೆ' ಎಂದು ಬರೆದಿದ್ದ. ಅವಳು ಮೊದಲು ಉರಿದುಬಿದ್ದಳು. ಆಮೇಲೆ ಆ ಸಾಲನ್ನು ಹತ್ತು ಸಲ ಓದಿದಳು.

'ನನಗೋಸ್ಕರ ಇಷ್ಟು ಚಿಂತೆ ಮಾಡ್ತಾನಲ್ಲ ಈ ಪುಣ್ಯಾತ್ಮ...' ಅಲ್ಲಿಗೆ ಅವಳ ಮನಸ್ಸು ಕೈತಪ್ಪಿತ್ತು.

ನಾಲ್ಕನೇ ಭಾನುವಾರ ಅವನು ಅವಳ ಮುಖ ನೋಡದೆ ಹೇಳಿದ, "ಹಲ್ಲು ಗಟ್ಟಿಯಾಯ್ತು, ಇನ್ನು ಬರೋದು ಬೇಡ. ನಾನೂ ಇರಲ್ಲ. ನಾಳೆಯಿಂದ ಬೇರೆ ಊರಿನ ಆಸ್ಪತ್ರೆ."

ಅವಳು ಓಡುತ್ತಲೇ ಮನೆಗೆ ಬಂದಳು. "ದೊಡ್ಡಮ್ಮಾ, ಕೇಕ್ ಕತ್ತರಿಸಬೇಕು!"

"ತಲೆ ಕೆಟ್ಟಿದೆಯೇನೇ? ಇನ್ನೂ ಮೂರು ವಾರ ಇದೆ. ನಿಮ್ಮ ದೊಡ್ಡಪ್ಪ ಮೂವತ್ತು ವರ್ಷ ಗೋಗರೆದ್ರೂ ಮುಂಚೆ ಒಂದು ಚೂರು ಕೊಟ್ಟವಳಲ್ಲ ನಾನು!"

"ಅವರು ನಾಳೆ ಹೊರಟುಬಿಡ್ತಾರೆ... ನಾನು ಕುಡುಕಿ ಅಂದ್ಕೊಂಡೇ ಹೊರಟುಬಿಡ್ತಾರೆ!"

ದೊಡ್ಡಮ್ಮ ಅವಳ ಒದ್ದೆ ಕಣ್ಣು ನೋಡಿದಳು. ಗೊಣಗುತ್ತಾ ಚಾಕು ತಂದುಕೊಟ್ಟಳು. "ತೆಳ್ಳಗೆ ಕತ್ತರಿಸು."

ಕ್ಲಿನಿಕ್ಕಿನಲ್ಲಿ ಡಾಕ್ಟರು ಸಾಮಾನು ಕಟ್ಟುತ್ತಿದ್ದ. ಅವಳು ಕೇಕಿನ ಚೂರು ಮುಂದೆ ಹಿಡಿದಳು. ಅವನು ಕಚ್ಚಿದ.

ಕಟಕ್!

ಬಾಯಿಂದ ಹೊರಗೆ ತೆಗೆದು ನೋಡಿದರೆ... ಖರ್ಜೂರದ ಬೀಜ!

"ಅಯ್ಯೋ! ಹಲ್ಲು ಮುರೀತಾ?"

"ಇಲ್ಲ..." ಅವನು ಬೀಜವನ್ನೇ ನೋಡುತ್ತಾ ಕೂತ. "ಹಾಗಾದ್ರೆ ಇಷ್ಟು ದಿನ ಕುಡೀತಿದ್ದಿದ್ದು ಕೇಕೇನಾ?"

"ತಲೆ ಚಚ್ಚಿಕೊಂಡು ಹೇಳ್ತಿದ್ದೆನಲ್ಲ! ಯಾರು ಏನಂದ್ರೂ ನನಗೇನಿಲ್ಲ. ನೀವು ಮಾತ್ರ ತಪ್ಪು ತಿಳ್ಕೊಂಡು ಹೋಗ್ಬಾರದು... ನನಗೆ ನೀವಂದ್ರೆ ಇಷ್ಟ."

ಅವನ ಕಿವಿ ಕೆಂಪಾಯಿತು. "ನಿಮ್ಮ ಹಲ್ಲಿಗೆ ಎರಡು ಸಲ ಬಂದಿದ್ರೆ ಸಾಕಿತ್ತು."

"ಏನು?!"

"ನಾಲ್ಕು ಸಲ ಕರೆಸಿದ್ದು ನನ್ನ ತಪ್ಪು. ಕುಡೀತೀರಿ ಅಂದ್ಕೊಂಡೇ ಇಷ್ಟಪಟ್ಟೆ. ಹೇಗಾದ್ರೂ ಬಿಡಿಸೋಣ ಅಂತಿದ್ದೆ."

ಅವಳಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು.

"ಇದು ಇನ್ನೂ ಹದಕ್ಕೆ ಬಂದಿಲ್ಲ," ಎಂದಳು ಕಣ್ಣೊರೆಸುತ್ತಾ. "ಮೂರು ವಾರ ಬೇಕು."

"ಕ್ರಿಸ್‌ಮಸ್ ದಿನ ಮೊದಲ ಬಸ್ಸಿಗೇ ಬರ್ತೀನಿ. ಅಲ್ಲೀವರೆಗೂ ಪ್ರತಿ ಭಾನುವಾರ ಎರಡು ಚಮಚ, ಮರೀಬೇಡಿ."

"ಕೇಕಿಗೆ ತಾನೇ?"

"ಕೇಕಿಗೇ. ನನಗೆ ಒಂದು ಫೋನ್ ಮಾಡಿದ್ರೆ ಸಾಕು."